ಮಗನ ಅರ್ಜಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ನನ್ನ ಮಾವನವರಿಗೆ ಈಗ 76 ವರ್ಷ. ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದು 1971ರ ಯುದ್ಧವನ್ನು ಕಂಡವರು. ಮನೆಯಲ್ಲಿ ಆ ಬಗ್ಗೆ ಒಂದು ಮಾತೂ ಆಡಿದವರಲ್ಲ. ತೀರಿಹೋದ ನನ್ನ ತಂದೆ ಕುವೈತಿನಲ್ಲಿ ದುಡಿಯುತ್ತಿದ್ದರು. 1990ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ಐದು ವಾರ ಅವರ ಸುದ್ದಿಯೇ ಇರಲಿಲ್ಲ. ಆಮೇಲೆ ಬರಿಗೈಯಲ್ಲಿ ಮನೆಗೆ ಬಂದರು. ನನ್ನ ಮಗ ಪ್ಲಸ್ ಟು ಓದುತ್ತಿದ್ದಾನೆ, ಹದಿನೇಳು ವರ್ಷ ಎಂಟು ತಿಂಗಳು. 2025ರ ಮೇ ತಿಂಗಳಿನಿಂದ ಅವನ ಫೋನಿನಲ್ಲಿ ಕ್ಷಿಪಣಿ, ಡ್ರೋನ್, ಯುದ್ಧವಿಮಾನ ಬಿಟ್ಟರೆ ಬೇರೇನೂ ಇಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ, "ಒಮ್ಮೆ ಪೂರ್ತಿ ಯುದ್ಧ ಆಗಿಯೇ ಬಿಡಬೇಕು" ಎಂದ. ಮಾವ ಅರ್ಧ ಊಟದಲ್ಲಿ ಕೈ ತೊಳೆದು ಎದ್ದುಹೋದರು. ಗಡಿಯಾಚೆ ಸತ್ತ ಮಕ್ಕಳ ಬಗ್ಗೆ ಏನೋ ಹಾಕಿದನೆಂದು, ಎಲ್‌ಕೆಜಿಯಿಂದ ಜೊತೆಗಿದ್ದ ಗೆಳೆಯನನ್ನೇ ತರಗತಿಯ ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದುಹಾಕಿದ್ದಾನೆ. ಆ ಹುಡುಗನ ಅಣ್ಣ ಈಗಲೂ ದೋಹಾದಲ್ಲಿದ್ದಾನೆ. ಈಗ ಸೇನೆಯಲ್ಲಿ ಅಗ್ನಿವೀರನಾಗಲು ಅರ್ಜಿ ಹಾಕುತ್ತೇನೆ, ಸಹಿ ಹಾಕಿ ಎನ್ನುತ್ತಾನೆ. ಗಂಡ ಹಾಕೋಣ ಎನ್ನುತ್ತಾರೆ, ನನಗೆ ಕೈ ಬರುವುದಿಲ್ಲ. ಈ ತಲೆಮಾರಿನ ಮಕ್ಕಳಿಗೆ ಯುದ್ಧವೆಂದರೆ ಆಟವೇ? ಮಾವನವರಿಂದ ನಾಲ್ಕು ಮಾತು ಹೇಳಿಸಿದರೆ ಸರಿಹೋದೀತೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಚಿಂತೆಯಾಗಿ ಕಾಣುವುದರೊಳಗೆ ನಾಲ್ಕು ಸಂಗತಿಗಳು ಹೆಣೆದುಕೊಂಡಿವೆ: ಮಗನ ಉತ್ಸಾಹ, ಮಾವನ ಮೌನ, ಸೇನೆಯ ಕೆಲಸ ಮತ್ತು ಒಬ್ಬ ಗೆಳೆಯ. ಗಡಿನಾಡಿನ ಈ ಭಾಗದಲ್ಲಿ ಆಪ್ತಸಮಾಲೋಚಕನಾಗಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಿದ ನನಗೆ ಗೊತ್ತಿರುವುದೇನೆಂದರೆ, ಇಂಥವನ್ನು ಬಿಡಿಸಿ ನೋಡದೆ ಒಂದೇ ಏಟಿಗೆ ತೀರಿಸಲು ಹೊರಟ ಮನೆಗಳಲ್ಲಿ ಮೊದಲು ಹಾಳಾಗುವುದು ಊಟದ ಹೊತ್ತಿನ ಮಾತುಕತೆ. ನಿಮ್ಮಲ್ಲಿ ಅದು ಈಗಾಗಲೇ ಆಗಿದೆ.

ಮೊದಲು 'ಈ ತಲೆಮಾರು' ಎಂಬ ಮಾತನ್ನು ನೋಡೋಣ. ಹಿರಿಯರು ಯುದ್ಧದ ಕಷ್ಟ ಬಲ್ಲವರಾದ್ದರಿಂದ ಶಾಂತಿಪ್ರಿಯರು, ಕಿರಿಯರು ಅದನ್ನು ಕಾಣದವರಾದ್ದರಿಂದ ಯುದ್ಧಪ್ರಿಯರು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ, ಆದರೆ ದಾಖಲೆಗಳು ಇದನ್ನು ಒಪ್ಪುವುದಿಲ್ಲ. 1933ರ ಫೆಬ್ರುವರಿ 9ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಚರ್ಚಾಸಂಘವು, ಯಾವ ಸಂದರ್ಭದಲ್ಲಿಯೂ ತಾವು ದೊರೆಗಾಗಿ, ದೇಶಕ್ಕಾಗಿ ಯುದ್ಧ ಮಾಡುವುದಿಲ್ಲ ಎಂಬ ನಿರ್ಣಯವನ್ನು 275ಕ್ಕೆ 153 ಮತಗಳಿಂದ ಅಂಗೀಕರಿಸಿತು. ಯುವಕರು ಹೇಡಿಗಳಾದರೆಂದು ಹಿರಿಯರು ಪತ್ರಿಕೆಗಳಲ್ಲಿ ಕಿಡಿಕಾರಿದರು. ಆರೇ ವರ್ಷಗಳಲ್ಲಿ ಮಹಾಯುದ್ಧ ಬಂದಾಗ ಸಮವಸ್ತ್ರ ತೊಟ್ಟು ಹೋದದ್ದು ಅದೇ ತಲೆಮಾರು. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದವರು ಯುವಕರು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿರುವ ಚಿತ್ರ. ಆದರೆ ಆ ಕಾಲದ ಗ್ಯಾಲಪ್ ಜನಮತ ಸಮೀಕ್ಷೆಗಳಲ್ಲಿ ಮೂವತ್ತರ ಕೆಳಗಿನವರು ಐವತ್ತು ದಾಟಿದವರಿಗಿಂತ ಹೆಚ್ಚಾಗಿ ಯುದ್ಧವನ್ನು ಬೆಂಬಲಿಸಿದ್ದರು. ನಮ್ಮ ದೇಶದಲ್ಲಿಯೂ 1962ರಲ್ಲಿ ಹೆಂಗಸರು ರಕ್ಷಣಾ ನಿಧಿಗೆ ಬಳೆ, ಸರ ಬಿಚ್ಚಿಕೊಟ್ಟರು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರ ಕರೆಗೆ ಓಗೊಟ್ಟು ವಾರಕ್ಕೊಂದು ಹೊತ್ತಿನ ಊಟ ಬಿಟ್ಟವರ ಮನೆಗಳಲ್ಲೂ ಆವೇಶಕ್ಕೆ ಕೊರತೆಯಿರಲಿಲ್ಲ. ನಿಮ್ಮ ಮಾವನಿಗೆ ನಿಮ್ಮ ಮಗನ ವಯಸ್ಸಾಗಿದ್ದದ್ದು ಆ ಕಾಲದಲ್ಲಿಯೇ ಎಂಬುದನ್ನು ನೆನಪಿಡಿ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಆದರೆ ಅದು ವಯಸ್ಸಿಗಿಂತ ಹೆಚ್ಚಾಗಿ, ಯುದ್ಧವೆಂಬುದು ಯಾವ ದಾರಿಯಾಗಿ ಒಬ್ಬೊಬ್ಬರ ಮನೆಯಂಗಳಕ್ಕೆ ಬಂತು ಎಂಬುದರಲ್ಲಿದೆ.

ಎರಡನೇ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 25 ಲಕ್ಷ ಮಂದಿ ಸೇನೆ ಸೇರಿದ್ದರೂ, ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನ ಹೆಚ್ಚಿನ ಮನೆಗಳಿಗೆ ಅದು ತಲುಪಿದ್ದು ಅಕ್ಕಿ, ಸೀಮೆಎಣ್ಣೆಗಳ ಅಭಾವವಾಗಿ. ಅದಕ್ಕೂ ಹಿಂದಿನ ಮಹಾಯುದ್ಧ ಇಲ್ಲಿ ಉಳಿದದ್ದು ಬಹುಮಟ್ಟಿಗೆ ಒಂದು ಶಬ್ದವಾಗಿ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ತೈಲದ ಟ್ಯಾಂಕುಗಳ ಮೇಲೆ ಗುಂಡು ಸುರಿಸಿದ ಜರ್ಮನ್ ಹಡಗು ಎಮ್ಡೆನ್‌ನ ಹೆಸರು, ನಮ್ಮ ಅಕ್ಕಪಕ್ಕದ ಮಲಯಾಳಿಗಳ ಬಾಯಲ್ಲಿ 'ಎಮಂಡನ್' ಆಗಿ, ದೊಡ್ಡ ಹಲಸಿನಹಣ್ಣಿನಿಂದ ಹಿಡಿದು ದೊಡ್ಡ ಸುಳ್ಳಿನವರೆಗೆ ಎಲ್ಲಕ್ಕೂ ಸಲ್ಲುತ್ತಿದೆ. ಜನ ಭಯಪಟ್ಟ ಸಂಗತಿ ಎರಡು ತಲೆಮಾರಿನೊಳಗೆ ತಮಾಷೆಯ ವಿಶೇಷಣವಾಗುತ್ತದೆ. ಕಂಡವರು ಬದುಕಿರುವವರೆಗೆ, ಅಂದರೆ ಎಂಬತ್ತು ನೂರು ವರ್ಷಗಳವರೆಗೆ, ಬಾಯಿಂದ ಬಾಯಿಗೆ ದಾಟುವ ನೆನಪು ಜೀವಂತವಾಗಿರುತ್ತದೆ, ಆಮೇಲೆ ಅದು ಪಠ್ಯಪುಸ್ತಕ ಮತ್ತು ಸ್ಮಾರಕಗಳ ಪಾಲಾಗುತ್ತದೆ ಎನ್ನುವುದು ಸಾಮೂಹಿಕ ನೆನಪನ್ನು ಅಧ್ಯಯನ ಮಾಡಿದ ಜರ್ಮನ್ ವಿದ್ವಾಂಸ ಯಾನ್ ಅಸ್ಮಾನ್ ಅವರ ವಿವರಣೆ.

1971 ಇಲ್ಲಿಗೆ ಬಂದದ್ದು ರೇಡಿಯೊ ಮತ್ತು ಅಂಚೆಯ ಮೂಲಕ. ಸೈನಿಕರ ಕಾಗದಗಳಿಗೆ '56 ಎಪಿಒ' ಅಥವಾ '99 ಎಪಿಒ' ಎಂಬ ಸೇನಾ ಅಂಚೆಯ ವಿಳಾಸ ಇರುತ್ತಿತ್ತೇ ಹೊರತು ಊರಿನ ಹೆಸರು ಇರುತ್ತಿರಲಿಲ್ಲ. ಎಲ್ಲಿದ್ದೇನೆಂದು ಮನೆಗೆ ಬರೆಯುವಂತಿರಲಿಲ್ಲ. 1999ರ ಕಾರ್ಗಿಲ್ ಯುದ್ಧ ಟಿವಿಯ ಮೂಲಕ ಬಂತು, ಹುತಾತ್ಮರಾದ 527 ಯೋಧರ ಶವಪೆಟ್ಟಿಗೆಗಳನ್ನು ದೇಶವೇ ಕುಳಿತು ನೋಡಿತು. ಪಹಲ್ಗಾಮ್ ದಾಳಿಯ ನಂತರ 2025ರ ಮೇ 7ರಿಂದ 10ರವರೆಗೆ ನಡೆದ ಭಾರತ-ಪಾಕಿಸ್ತಾನ ಸಂಘರ್ಷ ಬಂದದ್ದು ಅಂಗೈಯ ಪರದೆಯಲ್ಲಿ, ಒಂದು ನಿಮಿಷಕ್ಕಿಂತ ಚಿಕ್ಕ ತುಣುಕುಗಳಾಗಿ, ಹಾಡಿನೊಂದಿಗೆ. ಆ ದಿನಗಳಲ್ಲಿ ಹರಿದಾಡಿದ ದೃಶ್ಯಗಳಲ್ಲಿ ಕೆಲವು ಕಂಪ್ಯೂಟರ್ ಆಟದಿಂದ ತೆಗೆದವು ಎಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಬ್ಯೂರೊದ ಸತ್ಯಶೋಧನಾ ವಿಭಾಗವೇ ಎಚ್ಚರಿಸಬೇಕಾಯಿತು. ನಿಮ್ಮ ಮಗ 'ಯುದ್ಧವನ್ನು ಆಟವೆಂದುಕೊಂಡಿದ್ದಾನೆ' ಎನ್ನುವಾಗ ಇದನ್ನೂ ಗಮನಿಸಿ: ಅವನ ಮುಂದೆ ಆಟವನ್ನೇ ಯುದ್ಧವೆಂದು ಇಟ್ಟವರು ದೊಡ್ಡವರು.

ನಮ್ಮ ಕಡೆಯ ಮಕ್ಕಳು ನೋಡುವ ಮೊದಲ ಯುದ್ಧ ಯಕ್ಷಗಾನದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯಲ್ಲಿ ಪ್ರಸಂಗವೆಂದರೆ ಹೆಚ್ಚಾಗಿ ಕಾಳಗವೇ. ಅಲ್ಲಿ ಸತ್ತ ವೇಷ ಎದ್ದು ಬಣ್ಣದ ಮನೆಯಾದ ಚೌಕಿಗೆ ಹೋಗಿ ಬಣ್ಣ ತೆಗೆಯುತ್ತದೆ, ಬೆಳಗ್ಗೆ ಬಸ್ಸಿನಲ್ಲಿ ಆ ಕಲಾವಿದರನ್ನು ನಾವು ಕಾಣುತ್ತೇವೆ. ಫೋನಿನ ಯುದ್ಧದಲ್ಲಿ ಚೌಕಿ ಕಾಣುವುದಿಲ್ಲ, ಸತ್ತವರೂ ಕಾಣುವುದಿಲ್ಲ. ಎತ್ತರದಿಂದ ನೋಡಿದ ಒಂದು ಕಟ್ಟಡ, ಒಂದು ಹೊಗೆಯ ಉಂಡೆ, ಅಷ್ಟೆ. ಆ ದೃಶ್ಯ ನೋಡಿ ಮೈ ಬಿಸಿಯಾಗುವುದು ಹದಿನೇಳರ ಹುಡುಗನಲ್ಲಿ ಕಾಯಿಲೆಯ ಲಕ್ಷಣವಲ್ಲ. ಹಿಂಸೆಯ ಆಟಗಳಿಂದ ಮಕ್ಕಳು ಹಿಂಸಾತ್ಮಕ ಅಪರಾಧಗಳಿಗೆ ಇಳಿಯುತ್ತಾರೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಸ್ಪಷ್ಟಪಡಿಸಿದೆ. ಕಿರುಚಾಟ, ತಳ್ಳಾಟಗಳಂಥ ಸಿಡುಕಿನ ವರ್ತನೆಯೊಂದಿಗೆ ಸಣ್ಣ ಸಂಬಂಧವಿದೆ ಎಂಬುದನ್ನು ಮಾತ್ರ ಅದು ಒಪ್ಪುತ್ತದೆ. ಆದರೂ ಈ ವಯಸ್ಸನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಕಂಡ ಸಾರ್ವಜನಿಕ ಘಟನೆಗಳೇ ಮನುಷ್ಯರಿಗೆ ಜೀವನಪರ್ಯಂತ ದೊಡ್ಡವಾಗಿ ಉಳಿಯುತ್ತವೆ ಎಂಬುದನ್ನು ಸಮಾಜಶಾಸ್ತ್ರಜ್ಞರಾದ ಶೂಮನ್ ಮತ್ತು ಸ್ಕಾಟ್ 1989ರಲ್ಲಿ ತೋರಿಸಿದರು. ನಿಮ್ಮ ಮಗನಿಗೆ 'ಯುದ್ಧ' ಎಂದೊಡನೆ ಎಪ್ಪತ್ತರ ವಯಸ್ಸಿನಲ್ಲಿ ಏನು ನೆನಪಾಗಬೇಕೋ ಅದು ಈಗ ರೂಪುಗೊಳ್ಳುತ್ತಿದೆ.

ಇನ್ನು ಮಾವನವರ ವಿಷಯ. ಯುದ್ಧ ಕಂಡವರೆಲ್ಲರೂ ಯುದ್ಧವಿರೋಧಿಗಳು ಎಂದು ನೀವು ಊಹಿಸಿಕೊಂಡಂತಿದೆ. ನನ್ನ ಬಳಿಗೆ ಬಂದ ಮಾಜಿ ಸೈನಿಕರಲ್ಲಿ ಹೆಮ್ಮೆಪಡುವವರಿದ್ದಾರೆ, ಕೊರಗುವವರಿದ್ದಾರೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರೂ ಇದ್ದಾರೆ. ಮೌನಕ್ಕೆ ಒಂದೇ ಅರ್ಥವಿಲ್ಲ. ಎಲ್ಲಿದ್ದೇನೆಂದು ಕಾಗದದಲ್ಲಿ ಬರೆಯಬಾರದೆಂಬ ಶಿಸ್ತಿನಲ್ಲಿ ಬೆಳೆದ ಯೋಧನಿಗೆ ಹೇಳದಿರುವುದು ಅಭ್ಯಾಸವಾಗಿರಬಹುದು. ಊರಿಗೆ ಬಂದಾಗ ಯಾರೂ ಕೇಳದೆ ಇದ್ದಿರಬಹುದು. ಹೆಚ್ಚಿನವರು ಗಮನಿಸದ ಇನ್ನೊಂದು ಕಾರಣ ನಮ್ಮ ಈ ಬಹುಭಾಷೆಯ ನಾಡಿನಲ್ಲಿ ನನಗೆ ಮತ್ತೆಮತ್ತೆ ಕಂಡಿದೆ: ಅವರ ಸೇನೆಯ ಬದುಕು ನಡೆದದ್ದು ಹಿಂದಿಯಲ್ಲಿ, ಮನೆಯ ಬದುಕು ನಡೆಯುವುದು ತುಳು, ಕನ್ನಡಗಳಲ್ಲಿ. ಆ ದಿನಗಳ ಭಯ, ಬೈಗುಳ, ಹಾಸ್ಯ ಯಾವುದಕ್ಕೂ ಅವರ ಬಳಿ ಮನೆಮಾತಿನ ಪದಗಳಿರುವುದಿಲ್ಲ. ಹಿಂದೆ ಜೊತೆಗಿದ್ದವರು ಸಿಕ್ಕಿದಾಗ ಗಂಟೆಗಟ್ಟಲೆ ಹಿಂದಿಯಲ್ಲಿ ಮಾತಾಡುವ ಹಿರಿಯರು ಮನೆಗೆ ಬಂದೊಡನೆ ಮೂಕರಾಗುವುದನ್ನು ನಾನು ಕಂಡಿದ್ದೇನೆ.

ಅವರ ಮೌನ ಸ್ವಭಾವದ್ದೇ, ನೋವಿನದ್ದೇ ಎಂದು ತಿಳಿಯಲು ಕೆಲವು ಗುರುತುಗಳಿವೆ. ನಿದ್ದೆಯಲ್ಲಿ ಕೂಗಿಕೊಳ್ಳುವುದು, ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ರಾತ್ರಿ ಬೆವತು ಒಳಕೋಣೆ ಸೇರುವುದು, ಸುದ್ದಿ ಬಂದಾಗ ಸಿಡಿದೇಳುವುದು, ಮೇ ತಿಂಗಳ ನಂತರ ಕುಡಿತ ಶುರುವಾಗಿರುವುದು ಅಥವಾ ಹೆಚ್ಚಾಗಿರುವುದು, ಊಟ ನಿದ್ದೆ ಕೆಟ್ಟಿರುವುದು ಇವುಗಳಲ್ಲಿ ಯಾವುದಾದರೂ ತಿಂಗಳುಗಟ್ಟಲೆ ಮುಂದುವರಿದಿದ್ದರೆ ಅದನ್ನು ವಯಸ್ಸಿನ ದೋಷವೆಂದು ಬಿಡಬೇಡಿ. ಆಘಾತದ ನಂತರ ಉಳಿಯುವ ಈ ಬಗೆಯ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಸೇರಿಸಿಕೊಂಡದ್ದೇ 1980ರಲ್ಲಿ. ನಿಮ್ಮ ಮಾವ ಯುದ್ಧಭೂಮಿಯಿಂದ ಬಂದ ಒಂಬತ್ತು ವರ್ಷಗಳ ಮೇಲೆ. ಆಗ ಯಾರೂ ಅವರನ್ನು ಪರೀಕ್ಷಿಸಿರಲಾರರು. ಐವತ್ತು ವರ್ಷ ಕಳೆದ ಮೇಲೂ ಚಿಕಿತ್ಸೆಯಿಂದ ಪ್ರಯೋಜನವಾಗುತ್ತದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡಿದ್ದರೆ ಅದರ ಚಿಕಿತ್ಸಾಲಯದಲ್ಲಿ ಕೇಳಬಹುದು. ದೂರವಾಣಿಯಲ್ಲೇ ಮೊದಲ ಮಾತು ಆಡುವುದಾದರೆ ಸರ್ಕಾರದ ಟೆಲಿಮಾನಸ್ ಸಂಖ್ಯೆ 14416 ಉಚಿತ. ಒಂದು ಸಲ ಊಟದಿಂದ ಎದ್ದುಹೋದದ್ದನ್ನು ಮಾತ್ರ ನೋಡಿ ನಾನು ಏನನ್ನೂ ತೀರ್ಮಾನಿಸಲಾರೆ. ಮೊಮ್ಮಗನ ಮಾತು ಕೇಳಿ ಎದ್ದುಹೋಗುವುದು ಆರೋಗ್ಯವಂತ ಮನುಷ್ಯನೂ ಮಾಡಬಹುದಾದ ಕೆಲಸವೇ.

ಮಾವನವರಿಂದ 'ನಾಲ್ಕು ಮಾತು ಹೇಳಿಸುವ' ಯೋಚನೆ ನನಗೆ ಸರಿಯೆನಿಸುವುದಿಲ್ಲ. ಮೊಮ್ಮಗನನ್ನು ತಿದ್ದುವ ಸಾಧನವಾಗಿ ಅವರ ನೆನಪನ್ನು ಬಳಸಿದರೆ ಮೂರು ಅಪಾಯಗಳಿವೆ. ಅವರು ಮುಚ್ಚಿಟ್ಟದ್ದು ಹಠಾತ್ತಾಗಿ ತೆರೆದುಕೊಂಡು ರಾತ್ರಿಗಳು ಕೆಡಬಹುದು. ಅಥವಾ ಅವರು ನೀವು ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿ, ಹೌದು, ಹೊಡೆಯಲೇಬೇಕು ಎಂದುಬಿಡಬಹುದು. ಆಗ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೂರನೆಯದಾಗಿ, ಅಜ್ಜನ ಬಾಯಿಂದ ಅಮ್ಮ ಪಾಠ ಹೇಳಿಸುತ್ತಿದ್ದಾಳೆಂದು ಮಗನಿಗೆ ಗೊತ್ತಾದರೆ ಇಬ್ಬರ ಮಾತಿಗೂ ಬೆಲೆ ಹೋಗುತ್ತದೆ. ಅವರಾಗಿ ಬಾಯಿಬಿಡುವುದಾದರೆ ಬೇರೆ ಮಾತು. ಅದಕ್ಕೆ ದಾರಿ ಮಾಡಿಕೊಡಲು ಸಾಧ್ಯ. ಎಂಜಿನಿಯರ್ ಗ್ರೂಪಿನವರ ಕೆಲಸ ಹೊಳೆಗೆ ಸೇತುವೆ ಹಾಕುವುದು, ನೆಲಬಾಂಬು ಹುಡುಕಿ ತೆಗೆಯುವುದು, ದಾರಿ ಮಾಡುವುದು. "ಅಜ್ಜಾ, ಎಷ್ಟು ಜನರನ್ನು ಕೊಂದಿರಿ" ಎಂದು ಹುಡುಗರು ಕೇಳುವ ಪ್ರಶ್ನೆ ಬಾಗಿಲು ಮುಚ್ಚುತ್ತದೆ. ಒಂದು ಸೇತುವೆಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಆ ಡಿಸೆಂಬರಿನ ಚಳಿಗೆ ಏನು ಹೊದ್ದಿರಿ, ಪಕ್ಕದಲ್ಲಿ ಮಲಗುತ್ತಿದ್ದವರು ಯಾವ ಊರಿನವರು ಎಂಬ ಪ್ರಶ್ನೆಗಳಿಗೆ ಕೆಲಸ ಬಲ್ಲವರು ಉತ್ತರ ಕೊಡುತ್ತಾರೆ. ಕೊಡದಿದ್ದರೆ ಅಲ್ಲಿಗೇ ಬಿಡಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಮಗನಿಗೆ ಯುದ್ಧದ ಬಗ್ಗೆ ಹೇಳಬಲ್ಲವರು ಮಾವ ಒಬ್ಬರೇ ಎಂದು ನೀವು ಭಾವಿಸಿದ್ದೀರಿ. ಆದರೆ ಯುದ್ಧ ಕಂಡ ಇನ್ನೊಬ್ಬರು ಆ ಮನೆಯಲ್ಲಿದ್ದಾರೆ, ಅವರೇ ಈ ಪತ್ರ ಬರೆದದ್ದು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ಸುಮಾರು 1,70,000 ಭಾರತೀಯರನ್ನು ಕರೆತರಬೇಕಾಯಿತು. ಬಹಳ ಮಂದಿ ಇರಾಕ್ ದಾಟಿ, ಜೋರ್ಡಾನಿನ ಮರುಭೂಮಿಯ ಡೇರೆಗಳಲ್ಲಿ ದಿನ ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹಿಡಿದು ಮುಂಬಯಿಗೆ ಬಂದರು. ಕಾಸರಗೋಡಿನಲ್ಲಿ ಗುಂಡಿನ ಸದ್ದು ಕೇಳಲಿಲ್ಲ, ಆದರೆ ಎಷ್ಟೋ ಮನೆಗಳಲ್ಲಿ ಅರ್ಧ ಕಟ್ಟಿದ ಗೋಡೆ ಹಾಗೇ ನಿಂತಿತು, ಮದುವೆಗಳು ಮುಂದೆ ಹೋದವು, ಆಮೇಲೆ ವಿಶ್ವಸಂಸ್ಥೆಯ ಪರಿಹಾರದ ಅರ್ಜಿ ತುಂಬಿಸುವುದೇ ದೊಡ್ಡ ಕೆಲಸವಾಯಿತು. ಹತ್ತು ವರ್ಷದ ಹುಡುಗಿ ಐದು ವಾರ ಅಪ್ಪನ ಸುದ್ದಿಗಾಗಿ ಕಾದದ್ದನ್ನು ನೀವು ನಿಮ್ಮ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಮಗನಿಗೆ ಅಷ್ಟನ್ನಾದರೂ ಹೇಳಿದ್ದೀರಾ? ಸೈನಿಕರ ಯುದ್ಧವೇ ಯುದ್ಧ, ನಮ್ಮದು ಬರೀ ಕಷ್ಟಕಾಲ ಎಂದು ಹೆಂಗಸರು ತಮ್ಮ ಅನುಭವವನ್ನು ಲೆಕ್ಕದಿಂದ ಬಿಡುವುದನ್ನು ನಾನು ಬಹಳ ಕಂಡಿದ್ದೇನೆ. ಉಪದೇಶವಾಗಿ ಬೇಡ, ಅವನ ಮಾತಿಗೆ ಎದುರು ಉತ್ತರವಾಗಿಯೂ ಬೇಡ. ಬೇರೆ ಯಾವುದೋ ದಿನ, ಅಡಿಕೆ ಸುಲಿಯುವಾಗಲೋ ಬಸ್ಸಿಗೆ ಕಾಯುವಾಗಲೋ, ಆ ಐದು ವಾರ ಮನೆಯಲ್ಲಿ ಏನೇನಾಯಿತೆಂದು ಹೇಳಿ. ಅದನ್ನು ಹೇಳುವಾಗ ನಿಮ್ಮ ಕಣ್ಣು ತುಂಬಿದರೆ ತಡೆಯಬೇಕಾಗಿಲ್ಲ. ಸಹಿ ಹಾಕಲು ನಿಮ್ಮ ಕೈ ಬಾರದಿರುವ ಕಾರಣ ಅವನಿಗೆ ಈಗ ಗೊತ್ತಿಲ್ಲ, ಅಮ್ಮ ಹೆದರುಪುಕ್ಕಲಿ ಎಂದಷ್ಟೇ ಗೊತ್ತು.

ಫೋನ್ ಕಿತ್ತುಕೊಳ್ಳುವುದು ಹಲವರು ಮೊದಲು ಮಾಡುವ ಕೆಲಸ. ಅದರಿಂದ ಅವನು ಗೆಳೆಯರ ಫೋನಿನಲ್ಲಿ ಅದನ್ನೇ ನೋಡುತ್ತಾನೆ, ನಿಮಗೆ ಕಾಣುವುದಿಲ್ಲ, ಅಷ್ಟೆ. ರಾತ್ರಿ ನಿದ್ದೆಯ ಹೊತ್ತಿಗೆ ಫೋನ್ ಹೊರಗಿಡುವ ನಿಯಮ ಮಾತ್ರ ಮನೆಯ ಎಲ್ಲರಿಗೂ ಇರಲಿ, ಗಂಡನಿಗೂ. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ನಮ್ಮ ತಾಳಮದ್ದಳೆಯಲ್ಲಿ ಇವತ್ತು ಕರ್ಣನ ಪರವಾಗಿ ವಾದಿಸಿದವರೇ ನಾಳೆ ಕೃಷ್ಣನ ಅರ್ಥ ಹೇಳುತ್ತಾರೆ. ಹಾಗೆ ಎರಡೂ ಕಡೆಯಿಂದ ನೋಡುವುದನ್ನು ಮಗನಿಗೂ ಕಲಿಸಬಹುದು, ನೀವು ಅಧ್ಯಾಪಿಕೆ. ಒಂದು ದೃಶ್ಯ ಎಲ್ಲಿಂದ ಬಂತು, ಯಾವ ದಿನದ್ದು, ಹಾಕಿದವರಿಗೆ ಏನು ಲಾಭ ಎಂದು ಹುಡುಕಿ ತೋರಿಸುವ ಕೆಲಸವನ್ನು ಅವನಿಗೇ ಕೊಡಬಹುದು. ನಿಮ್ಮ ತಪ್ಪನ್ನು ಅವನು ಹಿಡಿದರೆ ಒಪ್ಪಿಕೊಳ್ಳುವ ಸಿದ್ಧತೆ ನಿಮಗಿರಬೇಕು.

ಸಹಿಯ ವಿಷಯವನ್ನು ಯುದ್ಧದ ವಿಷಯದಿಂದ ಬೇರ್ಪಡಿಸಿ ನೋಡಿ. ಸೇನೆ ಒಂದು ಉದ್ಯೋಗವೂ ಹೌದು, ಯುದ್ಧದ ಆವೇಶಕ್ಕಾಗಿ ಸೇರಿದವರಿಗಿಂತ ಸಂಬಳ, ಶಿಸ್ತು, ಗೌರವಗಳಿಗಾಗಿ ಸೇರಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಅಗ್ನಿವೀರರ ಸೇವೆ ನಾಲ್ಕು ವರ್ಷ. ಅದು ಮುಗಿದಾಗ ಗರಿಷ್ಠ ಶೇಕಡ 25 ಮಂದಿಯನ್ನು ಮಾತ್ರ ಮುಂದುವರಿಸಿಕೊಳ್ಳುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ವಿಮೆಯಿದೆ. ನಿಮ್ಮ ಮಾವ ಸೇರಿದ ಸೇನೆಯ ಕರಾರು ಇದಲ್ಲ, ಇದನ್ನು ಮಗನೂ ಗಂಡನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಲಿ. ಇಪ್ಪತ್ತೆರಡರಲ್ಲಿ ಹೊರಬಂದರೆ ಮುಂದೇನು ಎಂಬ ಪ್ರಶ್ನೆಗೆ ಅವನೇ ಉತ್ತರ ಬರೆಯಲಿ.

ಈಗಲೇ ಸಹಿ ಹಾಕಿದರೆ, ಮೇ ತಿಂಗಳ ಬಿಸಿ ಆರುವ ಮೊದಲೇ ನಿರ್ಧಾರ ಆಗಿಬಿಡುವ ಅಪಾಯವಿದೆ. ಖಡಾಖಂಡಿತ ನಿರಾಕರಿಸಿದರೆ ನಾಲ್ಕು ತಿಂಗಳಲ್ಲಿ ಅವನಿಗೆ ಹದಿನೆಂಟಾಗುತ್ತದೆ, ನಿಮ್ಮ ಸಹಿ ಬೇಕಾಗುವುದಿಲ್ಲ; ಆಗ ಅವನು ಸೇರುವುದು ಸೇನೆಯ ಮೇಲಿನ ಆಸೆಗಿಂತ ನಿಮ್ಮ ಮೇಲಿನ ಹಟದಿಂದಾಗಬಹುದು. ಪ್ಲಸ್ ಟು ಪರೀಕ್ಷೆ ಮುಗಿಯಲಿ, ಬೆಳಗ್ಗೆ ಎದ್ದು 1.6 ಕಿಲೋಮೀಟರ್ ಓಟದ ಅಭ್ಯಾಸವನ್ನು ಬಿಡದೆ ಮಾಡಲಿ, ಆಗಲೂ ಮನಸ್ಸಿದ್ದರೆ ನಾನು ಅಡ್ಡ ಬರುವುದಿಲ್ಲ ಎಂದು ನೀವು ಹೇಳಬಲ್ಲಿರಾದರೆ ಅದು ನನಗೆ ಸರಿಯಾದ ದಾರಿಯಾಗಿ ಕಾಣುತ್ತದೆ. ಆದರೆ ಹಾಗೆ ಹೇಳಿದ ಮೇಲೆ ಮಾತಿಗೆ ತಪ್ಪುವಂತಿಲ್ಲ. ತಪ್ಪುವಿರೆಂದು ಅನಿಸಿದರೆ ಆ ಮಾತು ಕೊಡಲೇಬೇಡಿ.

ಕೊನೆಯದಾಗಿ ಆ ಗೆಳೆಯ. ಸೇನೆ ಸೇರುವ ಆಸೆಗಿಂತ, ಕ್ಷಿಪಣಿಯ ಹುಚ್ಚಿಗಿಂತ ನನಗೆ ಚಿಂತೆಯಾದದ್ದು ಇದು. ದೂರದ ಶತ್ರುವಿನ ಮೇಲಿನ ಆವೇಶ ಕದನವಿರಾಮ ಬಂದಾಗ ಇಳಿಯುತ್ತದೆ. ಅದೇ ಆವೇಶ ಪಕ್ಕದ ಬೆಂಚಿನ ಹುಡುಗನ ಮೇಲೆ ತಿರುಗಿದರೆ ಅದಕ್ಕೆ ಕದನವಿರಾಮ ಘೋಷಿಸುವವರಿಲ್ಲ. 2025ರ ಜೂನ್ 23ರ ರಾತ್ರಿ ಇರಾನಿನ ಕ್ಷಿಪಣಿಗಳು ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ವಾಯುನೆಲೆಯತ್ತ ಹಾರಿದಾಗ, ಮೇ ತಿಂಗಳಲ್ಲಿ ಪಟಾಕಿ ಹಚ್ಚಿದ್ದ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಯಾರೂ ಮಲಗಲಿಲ್ಲ, ವಿಮಾನಗಳು ನಿಂತುಹೋಗಿದ್ದವು. ಅಂದು ರಾತ್ರಿ ಆ ಗೆಳೆಯನ ಮನೆಯಲ್ಲಿ ಏನಾಗಿದ್ದಿರಬಹುದೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಗುಂಪಿಗೆ ಮತ್ತೆ ಸೇರಿಸೆಂದು ಆಜ್ಞೆ ಮಾಡಬೇಡಿ, ಮಗನಿಗೆ ಅದು ಸೋಲಾಗಿ ಕಾಣುತ್ತದೆ. ನೀವೇ ಅವರ ಮನೆಗೆ ಹೋಗಿ ತಾಯಿಯನ್ನು ಮಾತಾಡಿಸಿ, ದೋಹಾದಲ್ಲಿರುವ ಮಗನ ಕ್ಷೇಮ ವಿಚಾರಿಸಿ, ಸಾಧ್ಯವಾದರೆ ನಿಮ್ಮ ಮಗನನ್ನು ಸ್ಕೂಟರ್ ಓಡಿಸುವ ನೆಪದಲ್ಲಿ ಕರೆದುಕೊಂಡು ಹೋಗಿ. ಸಹಿ ಪರೀಕ್ಷೆಯವರೆಗೆ ಕಾಯಬಹುದು. ಇದು ಈ ವಾರವೇ ಆಗಬೇಕಾದ ಕೆಲಸ.